ನಲವತ್ತೆರಡನೇ ಪುಟದ ತಪ್ಪು

ಅನಂತರಾಮು ಮೇಷ್ಟ್ರು ಟೇಬಲ್ ಮೇಲಿಟ್ಟು ಹೋದ ಫಾರಂನಲ್ಲಿ ಇದ್ದದ್ದು ಒಂದೇ ವಾಕ್ಯ. ‘ಇಂದಿನ ಅಭ್ಯರ್ಥಿಗಳಲ್ಲಿ ಯಾರೂ ನನ್ನ ಸಂಬಂಧಿಕರಲ್ಲ, ಆಪ್ತರಲ್ಲ.’ ಕೆಳಗೆ ಸಹಿಗೆ, ದಿನಾಂಕಕ್ಕೆ ಖಾಲಿ ಜಾಗ. ಸಹಿ ಹಾಕಿದವರು ಮಾತ್ರ ಇಂಟರ್‌ವ್ಯೂ ಮಾಡಲು ಕೂರಬಹುದು. ಸ್ಮೃತಿ ಪೆನ್ನಿನ ಕ್ಯಾಪ್ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಗಂಜಾಂನ ಆ ಪುಟ್ಟ ಪ್ರಕಾಶನದಲ್ಲಿ ಐಟಿಐ, ಡಿಪ್ಲೊಮಾ ಓದುವವರಿಗೆ ಕನ್ನಡದಲ್ಲಿ ಎಂಜಿನಿಯರಿಂಗ್ ಪುಸ್ತಕ ಮಾಡುತ್ತಿದ್ದರು. ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಲೆ ಮೇಷ್ಟ್ರು ಶುರು ಮಾಡಿದ್ದು. ಸ್ಮೃತಿ ಅಲ್ಲಿನ ಎಡಿಟರ್. ಬರೆಯುವವರು ಸಿಗುವುದೇ ಕಷ್ಟ. ಯಂತ್ರ ಗೊತ್ತಿದ್ದವರಿಗೆ ವಾಕ್ಯ ಬಾರದು. ವಾಕ್ಯ ಬಂದವರಿಗೆ ನಟ್ಟು ಯಾವ ಕಡೆ ತಿರುಗುತ್ತದೆಂದೇ ಗೊತ್ತಿರದು. ಎರಡನೆಯ ಗುಂಪಿನಲ್ಲಿ ತಾನೂ ಇದ್ದೇನೆಂದು ಅವಳಿಗೆ ತಿಳಿದದ್ದು ಆರು ತಿಂಗಳ ಹಿಂದೆ.

ಅವತ್ತು ಲೋಕೇಶ್ ಪ್ರಕಾಶನದ್ದೇ ಪಂಪಿನ ಪುಸ್ತಕವನ್ನು, ಗ್ರೀಸು ಮೆತ್ತಿದ್ದನ್ನು, ಹಿಡಿದು ಸೀದಾ ಒಳಗೆ ನುಗ್ಗಿದ್ದ. ಡಿಪ್ಲೊಮಾ ಮುಗಿಸಿ ಅರಕೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದವನು.

“ನಲ್ವತ್ತೆರಡನೇ ಪುಟ ನೋಡಿ ಮೇಡಂ. ಪಂಪಿಗೆ ನೀರು ತುಂಬ್ಸಿ ಅಂತ ಬರ್ದವ್ರೆ. ಒಳ್ಗಿರೋ ಗಾಳಿ ಓಗಕ್ಕೆ ಮೇಲಿನ ತಿರುಪು ಸಡ್ಲ ಮಾಡ್ಬೇಕು ಅಂತ್ಲೇ ಇಲ್ಲ. ಇದ್ನ ಬರ್ದ ಪುಣ್ಯಾತ್ಮ ಯಾವತ್ತಾರಾ ಪಂಪು ಮುಟ್ಟವ್ನಾ?”

“ಮುಟ್ಟಿಲ್ಲ,” ಎಂದಳು ಸ್ಮೃತಿ. “ಬರೆದದ್ದು ನಾನೇ.”

ಲೋಕೇಶ್ ನಾಲಿಗೆ ಕಚ್ಚಿಕೊಂಡ. ಮೊದಲು ಕಿವಿ ಕೆಂಪಾಯಿತು, ಆಮೇಲೆ ಇಡೀ ಮುಖ. ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. “ಹಾಗಾದ್ರೆ ನೀವೇ ಬರ್ಕೊಂಡು ಬನ್ನಿ, ನೋಡೋಣ.”

ಶನಿವಾರ ಅವನು ಒಂದು ಹಾಳೆ ತಂದ. ಮುಂದಿನ ಶನಿವಾರ ಇನ್ನೊಂದು. ಅವಳು ಕೆಂಪಿಂಕಿನಲ್ಲಿ ಹೊಡೆದುಹಾಕುವುದು, ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜಗಳಕ್ಕೆ ನಿಲ್ಲುವುದು. ‘ಬುಡಬುಡ ಸದ್ದು ನಿಲ್ಲುವ ತನಕ ನೀರು ಹುಯ್ಯಿರಿ. ಅವಸರ ಬೇಡ,’ ಎಂದು ಬರೆದಿದ್ದ. ಕೊನೆಯ ಎರಡು ಪದ ಅನಗತ್ಯವೆಂದು ಅವಳು ತೆಗೆದಳು. ಅವನು ಮತ್ತೆ ಸೇರಿಸಿದ.

“ಅದಿಲ್ದಿದ್ರೆ ಅರ್ಧಕ್ಕೇ ಸ್ವಿಚ್ ಆಕ್ಬುಡ್ತಾರೆ ಮೇಡಂ.”

“ನೀವು ಎಲ್ಲಾರಿಗೂ ಹೀಗೇ ಬುದ್ಧಿ ಹೇಳ್ತೀರಾ?”

“ಕೇಳೋರು ಸಿಕ್ಬೇಕಲ್ಲ,” ಎಂದು ಅವನು ಹಾಳೆ ಬಿಟ್ಟು ಅವಳನ್ನೇ ನೋಡಿದ. ಅವಳು ತಲೆ ತಗ್ಗಿಸಿ ಇಲ್ಲದ ತಪ್ಪು ಹುಡುಕಿದಳು.

ಆಫೀಸು ಗುಡಿಸಿ ಕಾಫಿ ಮಾಡುವ ಚಿಕ್ಕಬೋರಮ್ಮ ಅವಳ ಜಡೆಯ ಮಲ್ಲಿಗೆ ಕಂಡರೆ ಸಾಕು, “ಏನವ್ವಾ, ಇವತ್ತು ಶನಿವಾರ್ವಾ?” ಎನ್ನುತ್ತಿದ್ದಳು. ಅಯ್ಯೋ, ಇಡೀ ಆಫೀಸಿಗೇ ಗೊತ್ತಿದ್ದದ್ದು ಅವರಿಬ್ಬರ ಬಾಯಲ್ಲಿ ಮಾತ್ರ ಬರಲಿಲ್ಲ.

ಆಮೇಲೆ ಬರಹಗಾರರು ಬೇಕೆಂದು ಮೇಷ್ಟ್ರು ಜಾಹೀರಾತು ಕೊಟ್ಟರು. ಇದ್ದದ್ದು ಒಂದೇ ಹುದ್ದೆ. ಪಂಪಿನ ಪುಸ್ತಕ ತಿದ್ದುವುದೂ ಮುಗಿದಿತ್ತು. ಹೋದ ಶನಿವಾರ ಲೋಕೇಶ್ ಕೊನೆಯ ಹಾಳೆ ಕೊಡುತ್ತಾ, “ಈ ಕೆಲ್ಸ ಸಿಗ್ನಿಲ್ಲ ಅಂದ್ರೆ ಇನ್ನೇನು ನೆಪ ಏಳ್ಕಂಡು ಬರ್ಲಿ ಮೇಡಂ?” ಎಂದು ನಕ್ಕಿದ್ದ. ಕಣ್ಣು ನಗಲಿಲ್ಲ. ಆ ಮಾತು ಅವಳನ್ನು ವಾರವಿಡೀ ಸುಟ್ಟಿತ್ತು.

ಲೋಕೇಶನ ಜೊತೆ ಅರ್ಜಿ ಹಾಕಿದ ಇನ್ನಿಬ್ಬರು ಎಂ.ಟೆಕ್ ಆದವರು, ಒಬ್ಬ ಕೆ.ಆರ್. ಪೇಟೆಯವನು, ಇನ್ನೊಬ್ಬ ನಾಗಮಂಗಲದವನು. ಮೇಷ್ಟ್ರಿಗೆ ಡಿಗ್ರಿ ಅಂದರೆ ಪ್ರಾಣ. ಲೋಕೇಶನ ಪರ ಮಾತಾಡಲು ಇದ್ದವಳು ಅವಳೊಬ್ಬಳೇ. ಒಂದು ಸಹಿ ಗೀಚಿದರೆ ಮುಗಿಯಿತು, ಯಾರು ಕೇಳುತ್ತಾರೆ? ಆದರೆ ಸುಳ್ಳು ಸಹಿಯಿಂದ ಸಿಕ್ಕ ಕೆಲಸದಲ್ಲಿ ಅವನು ತಲೆ ಎತ್ತಿ ಕೂರುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ‘ಆಪ್ತರಲ್ಲ’ ಎಂದು ಬರೆದಿದ್ದರ ಕೆಳಗೆ ಅವಳ ಕೈ ಓಡಲೇ ಇಲ್ಲ.

ಆ ವಾಕ್ಯವನ್ನು ಹೊಡೆದುಹಾಕಿ ಬರೆದಳು: ‘ಮೂರನೆಯ ಅಭ್ಯರ್ಥಿ ಲೋಕೇಶ್ ನನಗೆ ಆಪ್ತರು. ನಾನು ಕೂರುವುದಿಲ್ಲ.’ ಸಹಿ ಹಾಕಿದವಳೇ ಎದ್ದು ಹೋಗಿ ಮೇಷ್ಟ್ರ ಕೈಗೆ ಕೊಟ್ಟಳು.

ಮೇಷ್ಟ್ರು ಓದಿ ಕನ್ನಡಕ ತೆಗೆದರು. “ಆ ಹುಡುಗನಿಗೆ ಗೊತ್ತೇನಮ್ಮಾ?”

“ಇಲ್ಲ ಸರ್.”

“ಸರಿ. ಒಳಗೇ ಇರು.”

ಅಲ್ಲಿನ ಪರೀಕ್ಷೆಯ ರೀತಿಯೇ ಬೇರೆ. ಹಿತ್ತಲಿನ ಬಾವಿಯ ಹತ್ತಿರ ಒಂದು ಪಂಪು. ಅಭ್ಯರ್ಥಿ ಬರೆದ ಪುಟವನ್ನು ಮೇಷ್ಟ್ರು ಗಟ್ಟಿಯಾಗಿ ಓದಬೇಕು, ಪಂಪಿನ ಗಂಧಗಾಳಿ ಇಲ್ಲದವರು ಅದನ್ನು ಕೇಳಿಸಿಕೊಂಡು ಹಾಗೆಯೇ ಮಾಡಬೇಕು. ಬರೆದವನು ಬಾಯಿ ಬಿಡುವಂತಿಲ್ಲ. ಮಾಡುವ ಕೈ ಚಿಕ್ಕಬೋರಮ್ಮನದು.

ಮೊದಲ ಪುಟಕ್ಕೆ ಅವಳು ಬಿಂದಿಗೆ ಹಿಡಿದು ನಿಂತೇಬಿಟ್ಟಳು. “ಸಾ, ಇದು ಕನ್ನಡಾನಾ?” ಎರಡನೆಯದಕ್ಕೆ ಪಂಪು ಬರೀ ಗುಂಯ್‌ಗುಟ್ಟಿತು. ಸ್ಮೃತಿ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು.

ಮೂರನೆಯದು. ತಿರುಪು ಸಡಿಲವಾಯಿತು, ನೀರು ಬಿತ್ತು. ಸಾಕೆಂದು ಚಿಕ್ಕಬೋರಮ್ಮ ಬಿಂದಿಗೆ ಕೆಳಗಿಡುವಷ್ಟರಲ್ಲಿ ಮೇಷ್ಟ್ರು ಓದಿದರು: “ಅವಸರ ಬೇಡ.”

“ಅಂಗಾರೆ ಇನ್ನೊಂದ್ ಬಿಂದ್ಗೆ ಉಯ್ತೀನಿ ಬುಡಿ.”

ಬುಡಬುಡ ಸದ್ದು ನಿಂತಿತು. ತಿರುಪು ಬಿಗಿಯಾಯಿತು. ಸ್ವಿಚ್ ಹಾಕಿದ್ದೇ ತಡ, ನೀರು ಚಿಮ್ಮಿ ಮೇಷ್ಟ್ರ ಪಂಚೆಯೆಲ್ಲ ತೊಪ್ಪೆಯಾಯಿತು. ಅವರು ಬೈಯಲಿಲ್ಲ, ಹೊಟ್ಟೆ ಹಿಡಿದು ನಕ್ಕರು. “ಸೋಮವಾರದಿಂದ ಬಾರಯ್ಯಾ!”

ಲೋಕೇಶನ ಮುಖ ಅರಳಲಿಲ್ಲ. “ಮೇಡಂ ಯಾಕೆ ಬರ್ನಿಲ್ಲ ಸಾ? ನನ್ ಮೇಲೆ ಏನಾರ ಬೇಜಾರಾ?”

ಮೇಷ್ಟ್ರು ಜೇಬಿನಿಂದ ಫಾರಂ ತೆಗೆದು ಕಿಟಕಿಯತ್ತ ನೋಡಿದರು. “ಕೊಡಲೇನಮ್ಮಾ?”

ಸ್ಮೃತಿ ಕಿಟಕಿಯ ಸರಳು ಬಿಟ್ಟಳು. ಬಾಗಿಲು ದಾಟಿ ಹಿತ್ತಲಿಗೆ ಬಂದು ಹೂಂ ಎಂದು ತಲೆಯಾಡಿಸಿದಳು.

ಅವನು ಎರಡು ಸಲ ಓದಿದ. ಕಿವಿ ಅವತ್ತಿನ ಹಾಗೆಯೇ ಕೆಂಪಾಯಿತು. ನಿಧಾನವಾಗಿ ಪೆನ್ಸಿಲ್ ತೆಗೆದ.

“ದಿನಾಂಕ ಆಕಿಲ್ಲ ಮೇಡಂ.” ಪೆನ್ಸಿಲ್ ತುದಿಯನ್ನು ಖಾಲಿ ಜಾಗದ ಮೇಲಿಟ್ಟ. “ಯಾವತ್ತಿಂದ?”

“ನಲವತ್ತೆರಡನೇ ಪುಟದಿಂದ,” ಎಂದಳು ಅವಳು.

ಲೋಕೇಶ್ ಖಾಲಿ ಜಾಗದಲ್ಲಿ ಅದನ್ನೇ ಬರೆದು, ಅವಳ ಸಹಿಯ ಪಕ್ಕ ತನ್ನದನ್ನೂ ಹಾಕಿದ.