ಡಿಕ್ಕಿಯಲ್ಲಿ ಏನೂ ಇಲ್ಲ

ಮೊದಲ ಸಲ ನಾನು ನೋಡಿದಾಗ ಅವನು ನನ್ನ ಕಾರಿನ ಮುಂದೆ ನೆಲದ ಮೇಲೆ ಬೋರಲು ಮಲಗಿದ್ದ. ಬಂಪರಿನ ನಡುವಿನಿಂದ ಒಂದು ದಾರ ಇಳಿಬಿಟ್ಟು, ಅದರ ತುದಿಯ ತೂಕದ ಗುಂಡನ್ನು ಒಂದು ಕಣ್ಣು ಮುಚ್ಚಿಕೊಂಡು ದಿಟ್ಟಿಸುತ್ತಿದ್ದ. ಒಡೆದ ಗಾಜು ಬದಲಾಯಿಸಲು ಕೊಟ್ಟ ಕಾರಿನ ಬುಡದಲ್ಲಿ ಇವನಿಗೇನು ಕೆಲಸ ಎಂದು ನನಗೆ ಅಲ್ಲೇ ಅನುಮಾನ ಶುರುವಾಯಿತು.

ಅನುಮಾನ ನನಗೆ ಹೊಸದಲ್ಲ. ನಾನು ಮೊಸರಿನಲ್ಲಿ ಕಲ್ಲು ಹುಡುಕುವವಳು ಅಂತ ಅಕ್ಕ ಆಡಿಕೊಳ್ಳುತ್ತಾಳೆ. ಹುಡುಕದಿದ್ದರೂ ಕಲ್ಲು ತಾನಾಗಿಯೇ ಬರುತ್ತದೆ ಎನ್ನುವುದಕ್ಕೆ, ಹೋದ ವಾರ ಲಾರಿಯ ಚಕ್ರದಡಿಯಿಂದ ಸಿಡಿದು ನನ್ನ ಮುಂದಿನ ಗಾಜನ್ನು ಸೀಳಿದ ಕಲ್ಲೇ ಸಾಕ್ಷಿ. ಎರಡು ವರ್ಷದ ಹಿಂದೆ ನನ್ನ ಜೊತೆ ಮದುವೆ ಗೊತ್ತಾಗಿದ್ದವನು ಇನ್ನೊಬ್ಬಳ ಜೊತೆ ತಿರುಗುತ್ತಿದ್ದ. ಆ ಸುದ್ದಿ ಊರಿಗೆಲ್ಲ ತಿಳಿದು ಹಳೆಯದಾದ ಮೇಲೆ ನನಗೆ ತಿಳಿಯಿತು. ಅಂದಿನಿಂದ ಯಾರು ಏನು ಹೇಳಿದರೂ ನಾನು ಆ ಮಾತನ್ನು ಮಗುಚಿ ಹಾಕಿ, ಹಿಂಬದಿ ನೋಡಿ, ಆಮೇಲೆ ಬೇಕಾದರೆ ನಂಬುತ್ತೇನೆ.

"ಗಾಜು ಹಾಕಿ ಆಯ್ತಲ್ಲ, ಇನ್ನೇನು ಮಾಡ್ತಿದ್ದೀರಿ?" ಎಂದೆ.

ಅವನು ಎದ್ದು ಮೊಣಕೈಯ ಧೂಳು ಕೊಡವಿಕೊಂಡು, ಶಾಲೆಯಲ್ಲಿ ಪಾಠ ಹೇಳುವಷ್ಟು ತಾಳ್ಮೆಯಿಂದ ವಿವರಿಸಿದ. ಕನ್ನಡಿಯ ಹಿಂದೆ ಒಂದು ಕ್ಯಾಮೆರಾ ಇದೆ. ರಸ್ತೆಯ ಬಿಳಿ ಗೆರೆ, ಮುಂದಿನ ಗಾಡಿ ಎಲ್ಲವನ್ನೂ ನೋಡಿ ಎಚ್ಚರಿಸುವುದು ಅದೇ. ಗಾಜು ಬದಲಾದರೆ ಅದರ ದೃಷ್ಟಿ ಒಂದು ಕೂದಲೆಳೆ ಸರಿಯುತ್ತದೆ. ಇಲ್ಲಿ ಕೂದಲೆಳೆ ತಪ್ಪಿದರೆ ಅಷ್ಟು ದೂರದಲ್ಲಿ ಒಂದಾಳು ತಪ್ಪುತ್ತದೆ. ಆದ್ದರಿಂದ ಎದುರಿಗೆ ಕಪ್ಪುಬಿಳುಪಿನ ಬೋರ್ಡು ನಿಲ್ಲಿಸಿ ಅದಕ್ಕೆ ನೋಡುವುದನ್ನು ಮತ್ತೆ ಕಲಿಸಬೇಕು. ಸದಾ ಬೋರ್ಡಿನ ಮುಂದೆ ನಿಲ್ಲುವುದರಿಂದ ಆ ವರ್ಕ್‌ಶಾಪಿನಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಪಾಠ ಮುಗಿಸಿ ಅವನು ನನಗೆ ಕಣ್ಣು ಹೊಡೆದ. ಎಡಗಣ್ಣು, ಸ್ಪಷ್ಟವಾಗಿ.

ನಾನು ಮುಖ ಗಂಟಿಕ್ಕಿದೆ. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಪೆಟ್ರೋಲ್ ತುಂಬಿಸಿದ್ದೀರಾ, ಟೈರಿನ ಗಾಳಿ ನೋಡಿಸಿದ್ದೀರಾ ಎಂದು ಒಂದೊಂದಾಗಿ ಕೇಳಿ, ಕೊನೆಗೆ ಮೆಲ್ಲಗೆ, "ಡಿಕ್ಕಿಯಲ್ಲಿ ಯಾವಾಗ್ಲೂ ಭಾರ ಏನಾದ್ರೂ ಇಟ್ಟಿರ್ತೀರಾ ಮೇಡಂ?" ಎಂದ.

"ಡಿಕ್ಕಿಯಲ್ಲಿ ಏನೂ ಇಲ್ಲ," ಎಂದೆ.

ಆ ಗಳಿಗೆಗೆ ಅದು ನಿಜ. ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಮಡಚುವ ಮಂಚ, ಮರಳಿನ ಚೀಲಗಳು, ಕಬ್ಬಿಣದ ತೂಕಗಳು ಎಲ್ಲ ಸೇರಿ ಇಬ್ಬರು ದಪ್ಪ ಮನುಷ್ಯರ ಭಾರ ನನ್ನ ಡಿಕ್ಕಿಯಲ್ಲಿ ಮೂರು ಹೊತ್ತೂ ಇರುತ್ತದೆ. ಆದರೆ ಹಿಂದೊಮ್ಮೆ ಬೇರೊಂದು ಕಡೆ ಸರ್ವಿಸಿಗೆ ಬಿಟ್ಟಾಗ ಸ್ಟೆಪ್ನಿ ಮಾಯವಾಗಿತ್ತು. ಅಂದಿನಿಂದ ಕಾರನ್ನು ಯಾರ ಕೈಗೆ ಕೊಡಬೇಕಾದರೂ ಎಲ್ಲವನ್ನೂ ಹೊತ್ತು ಮಹಡಿಗೆ ಸಾಗಿಸಿಯೇ ಬರುತ್ತೇನೆ. ಯಾವಾಗಲೂ ಏನಿರುತ್ತದೆ ಎಂದು ಗುರುತಿಲ್ಲದವನು ಕೇಳಿದರೆ ಯಾರಾದರೂ ಹೇಳುತ್ತಾರೆಯೇ? ಕಳ್ಳರು ಕೇಳುವುದೂ ಅದನ್ನೇ.

ಮೂರು ದಿನದ ರಜೆ ಮುಗಿಸಿ ನಾಲ್ಕನೆಯ ದಿನ ಕೆಲಸಕ್ಕೆ ಹೊರಟಾಗ ಕಾರು ಚೀರಾಡತೊಡಗಿತು. ಮುಂದಿನ ಬಸ್ಸು ಆರಾಮಾಗಿ ದೂರದಲ್ಲಿದೆ, ನನ್ನ ಕಾರು ಮಾತ್ರ ಬ್ರೇಕ್ ಹಾಕು, ಬ್ರೇಕ್ ಹಾಕು ಎಂದು ಕೆಂಪು ದೀಪ ಮಿನುಗಿಸುತ್ತಿದೆ. ಮೂರನೆಯ ಸಿಗ್ನಲ್ ದಾಟುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಮೇಷ್ಟ್ರ ಕಿವಿ ಹಿಂಡಿ ಮುಗಿಸಿದ್ದೆ.

ಮಾರನೆಯ ದಿನ ಡಿಕ್ಕಿ ಖಾಲಿ ಮಾಡಿಕೊಂಡು ಮತ್ತೆ ಅಲ್ಲಿಗೆ ಹೋದೆ. ಅವನು ದಾರ ಇಳಿಬಿಟ್ಟ, ಟೇಪು ಹಿಡಿದ, ಬೋರ್ಡನ್ನು ಬೆರಳಷ್ಟು ಆಚೆ, ಉಗುರಷ್ಟು ಈಚೆ ಸರಿಸಿದ. ಕೆಲಸ ಮಾಡುವಾಗ ಅವನ ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕುತ್ತದೆ. ಕಿವಿಯ ಹಿಂದೆ ಸಿಕ್ಕಿಸಿದ ಸೀಮೆಸುಣ್ಣದಿಂದ ಕೂದಲು ಅಷ್ಟು ಜಾಗದಲ್ಲಿ ನರೆತಂತೆ ಕಾಣುತ್ತದೆ. ಇದನ್ನೆಲ್ಲ ನಾನು ನೋಡಿದ್ದು ಮೋಸ ಹಿಡಿಯುವುದಕ್ಕೆ, ಬೇರೆ ಯಾವುದಕ್ಕೂ ಅಲ್ಲ.

ಅಳತೆ ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದು ಅವನು ತನ್ನಷ್ಟಕ್ಕೆ ಗೊಣಗಿದ. ಬೀಪ್ ಬರುವುದು ಕೆಲಸಕ್ಕೆ ಹೋಗುವಾಗಲಾ, ಇಲ್ಲಿಗೆ ಬರುವಾಗಲಾ ಎಂದು ಕೇಳಿದ. ಇಲ್ಲಿಗೆ ಬರುವಾಗ ಒಮ್ಮೆಯೂ ಬಂದಿಲ್ಲ ಎಂದೆ. ಅವನು ಸುಮ್ಮನೆ ಹೋಗಿ ಡಿಕ್ಕಿ ತೆಗೆದ. ಖಾಲಿ ಡಿಕ್ಕಿಯ ಕಾರ್ಪೆಟ್ಟಿನ ಮೇಲೆ ಅಂಗೈ ಆಡಿಸಿದ. ಬಹಳ ಹೊತ್ತು ನೋಡಿದ. ನಂತರ ನನ್ನತ್ತ ತಿರುಗಿ ಏನೋ ಹೇಳಲು ಬಾಯಿ ತೆರೆದವನು, ಪಕ್ಕದಲ್ಲಿ ವರ್ಕ್‌ಶಾಪಿನ ಓನರ್ ನಿಂತಿದ್ದು ಕಂಡು ಸುಮ್ಮನಾದ.

ಕೊನೆಗೆ ಆ ಎಚ್ಚರಿಕೆಯ ವ್ಯವಸ್ಥೆಯನ್ನೇ ಆಫ್ ಮಾಡಿ, ಒಂದು ಚೀಟಿ ಬರೆದು ಸ್ಟೀರಿಂಗಿನ ಪಕ್ಕ ಅಂಟಿಸಿದ: 'ನಾನು ಹೇಳುವವರೆಗೂ ಆನ್ ಮಾಡಬೇಡಿ.' ಕೆಳಗೆ ಅವನ ಫೋನ್ ನಂಬರ್. ಆಮೇಲೆ ಮತ್ತೆ ಅದೇ ಎಡಗಣ್ಣು.

ಆಗ ನನಗೆ ಎಲ್ಲ ಅರ್ಥವಾಯಿತು. ಇವನು ಬೇಕೆಂದೇ ಅರ್ಧಂಬರ್ಧ ಕೆಲಸ ಮಾಡುತ್ತಿದ್ದಾನೆ. ನಾನು ಮತ್ತೆ ಮತ್ತೆ ಬರಲಿ ಅಂತ.

ಮನೆಗೆ ಬಂದು ಅಕ್ಕನಿಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನ್ನ ಈ ಸಿಡುಕು ಮೂತಿ ನೋಡೋಕೆ ಒಬ್ಬ ಇಷ್ಟು ಕಷ್ಟಪಡ್ತಾನೆ ಅಂದ್ರೆ ಮೊದಲು ಅವನ ಕಣ್ಣು ಟೆಸ್ಟ್ ಮಾಡಿಸಬೇಕು ಕಣೇ," ಎಂದಳು. ನಾನು ನಗಲಿಲ್ಲ. ಆದರೆ ಆ ಚೀಟಿಯನ್ನು ಕಿತ್ತೂ ಹಾಕಲಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ಆ ದುಂಡು ಅಕ್ಷರಗಳ ಮೇಲೆ ಕಣ್ಣು ಹೋಗುತ್ತಿತ್ತು. ಹೋಗುತ್ತಿದ್ದುದಕ್ಕೆ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಮೂರು ದಿನ ತಡೆದುಕೊಂಡು, ನಾಲ್ಕನೆಯ ದಿನ ಕೂತು ಓನರ್‌ಗೆ ದೂರು ಬರೆದು ವರ್ಕ್‌ಶಾಪಿಗೆ ಮುಟ್ಟಿಸಿದೆ. ನಿಮ್ಮ ಮೇಷ್ಟ್ರು ಗಿರಾಕಿಗಳನ್ನು ಅಲೆದಾಡಿಸುತ್ತಾನೆ, ಸ್ವಂತ ನಂಬರ್ ಕೊಡುತ್ತಾನೆ, ಕಣ್ಣು ಹೊಡೆಯುತ್ತಾನೆ ಎಂದು ಒಂದೂ ಬಿಡದೆ.

ಓನರ್ ಅಂದೇ ಫೋನ್ ಮಾಡಿದರು. ಶುಕ್ರವಾರ ಬನ್ನಿ, ನನ್ನ ಎದುರಿಗೇ ಮಾಡಿಸುತ್ತೇನೆ ಎಂದರು. "ಮೂರನೇ ಸಲಾನೂ ತಪ್ಪಿದ್ರೆ ಅವನು ಇನ್ಮೇಲೆ ಬೋರ್ಡ್ ಮುಟ್ಟೋ ಹಾಗಿಲ್ಲ. ಹಳೇ ಗಾಜು ಕೀಳೋ ಕಡೆ ಹಾಕ್ತೀನಿ. ಇನ್ನು ಕಣ್ಣಿನ ವಿಷಯ ಅಂದ್ರೆ, ಅದು ಹತ್ತು ವರ್ಷ ಎಡಗಣ್ಣು ಮುಚ್ಚಿ ದಾರ ನೋಡಿ ನೋಡಿ ಬಂದಿರೋ ಅಭ್ಯಾಸಮ್ಮ. ನನಗೂ ದಿನಾ ಹೊಡೀತಾನೆ."

ಗೆದ್ದೆ ಅನ್ನಿಸಬೇಕಿತ್ತು. ಆ ರಾತ್ರಿ ಊಟ ಸೇರಲಿಲ್ಲ.

ಗುರುವಾರ ಮಧ್ಯಾಹ್ನ ನನ್ನ ಹಳೆಯ ಪೇಶೆಂಟ್ ಒಬ್ಬರ ಮನೆಗೆ ಹೋದೆ. ನಲವತ್ತು ವರ್ಷ ಟೈಲರ್ ಆಗಿದ್ದವರು, ಈಗ ಮಂಡಿ ಆಪರೇಷನ್ ಆಗಿ ಕಿಟಕಿಯ ಪಕ್ಕ ಕೂತಿರುತ್ತಾರೆ. ನಾನು ಮಂಚ ಇಳಿಸಿ, ತೂಕ ಇಳಿಸಿ, ಕೊನೆಯ ಮರಳಿನ ಚೀಲ ಎತ್ತಿಕೊಂಡು ಒಳಗೆ ಬರುವಾಗ ಅವರು ಹೊರಗೆ ನೋಡುತ್ತಲೇ ಇದ್ದರು.

"ನಿಮ್ಮ ಕಾರು ಬಂದಾಗ ಹಿಂದೆ ಕುಕ್ಕರಗಾಲಲ್ಲಿ ಕೂತಿತ್ತು, ಈಗ ಎದ್ದು ನಿಂತಿದೆ ನೋಡಮ್ಮ," ಎಂದರು. "ಜನ್ಮಪೂರ್ತಿ ಪ್ಯಾಂಟಿನ ಅಂಚು ಸಮ ಇದ್ಯಾ ಅಂತ ನೋಡಿದೋನು ನಾನು. ಎರಡು ಬೆರಳು ವ್ಯತ್ಯಾಸ."

ನಾನು ಮರಳಿನ ಚೀಲವನ್ನು ಎದೆಗವುಚಿಕೊಂಡು ಹಾಗೇ ನಿಂತುಬಿಟ್ಟೆ. ಹಿಂದೆ ಕುಸಿದರೆ ಮುಂದೆ ಮೂತಿ ಮೇಲೇಳುತ್ತದೆ. ಮೂತಿ ಮೇಲೆದ್ದರೆ ಕ್ಯಾಮೆರಾ ರಸ್ತೆ ಬಿಟ್ಟು ಆಕಾಶ ನೋಡುತ್ತದೆ, ದೂರದ ಬಸ್ಸೂ ಅದಕ್ಕೆ ಹತ್ತಿರವೆಂದು ಕಾಣುತ್ತದೆ. ಅವನು ಕಲಿಸಿದ್ದು ಖಾಲಿ ಕಾರಿಗೆ, ನಾನು ಓಡಿಸುತ್ತಿದ್ದುದು ಭಾರದ ಕಾರನ್ನು. ಮೊದಲ ದಿನವೇ ಅವನು ಕೇಳಿದ್ದ. ನಾನು ಏನೂ ಇಲ್ಲ ಎಂದಿದ್ದೆ. ಆ ಒಂದು ಮಾತಿನ ಮೇಲೆ ನಾಳೆ ಒಬ್ಬನ ಹತ್ತು ವರ್ಷದ ಕೆಲಸ ಹೋಗುವುದರಲ್ಲಿತ್ತು.

ಚೀಟಿಯ ನಂಬರಿಗೆ ಎರಡು ಸಲ ಫೋನ್ ಮಾಡಲು ಹೋಗಿ ಎರಡು ಸಲವೂ ಕಟ್ ಮಾಡಿದೆ. ಫೋನಿನಲ್ಲಿ ಅವನಿಗೊಬ್ಬನಿಗೆ ಹೇಳಿ ಜಾರಿಕೊಳ್ಳುವ ತಪ್ಪು ಇದಲ್ಲ ಅನ್ನಿಸಿತು.

ಶುಕ್ರವಾರ, ಸ್ಟೆಪ್ನಿ ಹೋದ ಮೇಲೆ ಮೊದಲ ಬಾರಿಗೆ, ಏನನ್ನೂ ಇಳಿಸದೆ ವರ್ಕ್‌ಶಾಪಿಗೆ ಹೋದೆ. ಓನರ್ ಕೈಕಟ್ಟಿ ನಿಂತಿದ್ದರು. ಮೇಷ್ಟ್ರು ಬೋರ್ಡಿನ ಪಕ್ಕ, ತಲೆ ತಗ್ಗಿಸಿಕೊಂಡು. ಅವತ್ತು ಕಿವಿಯ ಹಿಂದೆ ಸೀಮೆಸುಣ್ಣ ಇರಲಿಲ್ಲ. ನಾನು ಕಾರಿನಿಂದಿಳಿದು ಸೀದಾ ಹೋಗಿ ಡಿಕ್ಕಿ ತೆಗೆದೆ.

"ನಾನು ಸುಳ್ಳು ಹೇಳಿದ್ದೆ," ಎಂದೆ. "ಇಷ್ಟೂ ಯಾವಾಗ್ಲೂ ಇದರಲ್ಲೇ ಇರುತ್ತೆ. ಇಲ್ಲಿಗೆ ಬರೋ ದಿನ ಮಾತ್ರ ಇಳಿಸಿ ಬರ್ತಿದ್ದೆ. ತಪ್ಪು ನನ್ನದು, ಇವರದಲ್ಲ."

ಅವನು ಬಂದು ಮಂಡಿಯೂರಿ ಹಿಂದಿನ ಚಕ್ರದ ಮೇಲಿನ ಅಂತರಕ್ಕೆ ಟೇಪು ಹಿಡಿದ. ಸಾಮಾನೆಲ್ಲ ಇಳಿಸಿ ಮತ್ತೆ ಹಿಡಿದ. ಎರಡು ಬೆರಳು. ಹಿಂದಿನ ಸ್ಪ್ರಿಂಗುಗಳು ಸೋತಿವೆ, ಹೊಸದು ಹಾಕಿದರೆ ಈ ಭಾರಕ್ಕೆ ಕುಸಿಯುವುದಿಲ್ಲ, ಆಮೇಲೆ ಒಮ್ಮೆ ಕಲಿಸಿದರೆ ಕ್ಯಾಮೆರಾ ಮರೆಯುವುದಿಲ್ಲ ಎಂದು ಓನರ್‌ಗೆ ಹೇಳಿದ. ಓನರ್ ಅವನ ಬೆನ್ನು ತಟ್ಟಿ, ಜೇಬಿನಿಂದ ನನ್ನ ದೂರಿನ ಕಾಗದ ತೆಗೆದು ನನ್ನ ಕೈಗೇ ಕೊಟ್ಟು ಒಳಗೆ ಹೋದರು. ಅಷ್ಟು ತೆಳು ಕಾಗದ ಅಷ್ಟು ಭಾರವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸ್ಪ್ರಿಂಗು ಬರಲು ಎರಡು ದಿನ ಹಿಡಿಯಿತು. ಭಾನುವಾರ ಬೆಳಿಗ್ಗೆ ಬೋರ್ಡಿನ ಪಾಠ ಮುಗಿದ ಮೇಲೆ ರಸ್ತೆಯ ಪಾಠ ಬಾಕಿ ಇತ್ತು. ಗೆರೆ ಸ್ಪಷ್ಟವಾಗಿರುವ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಬೇಕಂತೆ. ನಾನು ಸ್ಟೀರಿಂಗ್ ಹಿಡಿದೆ. ಅವನು ಪಕ್ಕದಲ್ಲಿ ಟ್ಯಾಬ್ ಹಿಡಿದು ಕೂತ. ಕ್ಯಾಮೆರಾ ಎಷ್ಟು ಕಲಿತಿದೆ ಎನ್ನುವುದು ಅದರಲ್ಲಿ ಶೇಕಡಾ ಲೆಕ್ಕದಲ್ಲಿ ಏರುತ್ತಾ ಬರುತ್ತದೆ.

"ಎಡಕ್ಕೆ ನೋಡ್ಬೇಡಿ. ನೇರ ನೋಡಿ," ಎಂದ. ಎಡಕ್ಕೆ ಇದ್ದುದು ಅವನೇ.

ಹತ್ತು ಪರ್ಸೆಂಟ್ ಆಯಿತು. ಹದಿನೈದು ಆಯಿತು. ನಾನು ರಸ್ತೆಗೆ ಹೇಳುವಂತೆ ಕೇಳಿದೆ, ಅವತ್ತು ಡಿಕ್ಕಿಯಲ್ಲಿ ಅಷ್ಟು ಹೊತ್ತು ಏನು ನೋಡುತ್ತಿದ್ದಿರಿ ಎಂದು. ಕಾರ್ಪೆಟ್ಟಿನಲ್ಲಿ ನಾಲ್ಕು ಚೌಕದ ಅಚ್ಚುಗಳಿದ್ದವಂತೆ, ಮಂಚದ ಕಾಲಿನವು. ಭಾರ ಇಟ್ಟಿರುತ್ತೀರೆಂದು ಅವನಿಗೆ ಅಂದೇ ಗೊತ್ತಾಗಿತ್ತಂತೆ.

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ದೆನಲ್ಲ ಮೇಡಂ, ಮೊದಲ ದಿನ. ನೀವು ಏನೂ ಇಲ್ಲ ಅಂದ್ರಿ. ಓನರ್ ಎದುರು ನಿಮ್ಮನ್ನ ಸುಳ್ಳಿ ಅನ್ನಿಸೋಕೆ ಮನಸ್ಸಾಗಲಿಲ್ಲ." ಟ್ಯಾಬ್ ನೋಡಿಕೊಂಡೇ ಮುಂದುವರಿಸಿದ. "ಮನೇಲಿ ಜಗಳ ಮಾಡ್ಕೊಂಡು ಗಂಟುಮೂಟೆ ಕಾರಲ್ಲೇ ಇಟ್ಕೊಂಡು ತಿರುಗ್ತಿದ್ದೀರೇನೋ ಅಂತಾನೂ ಅನ್ನಿಸ್ತು. ಅದಕ್ಕೇ ನಂಬರ್ ಕೊಟ್ಟೆ. ಫೋನ್ ಮಾಡಿದ್ರೆ ಒಬ್ಬರೇ ಇದ್ದಾಗ ಕೇಳೋಣ ಅಂತ. ಅನುಮಾನ ನಿಮಗೊಬ್ಬರಿಗೇ ಬರ್ಬೇಕಾ?"

ನನಗೆ ನಗು ಬಂತು, ಕಣ್ಣೂ ಮಂಜಾಯಿತು. ಕಾರು ಗೆರೆ ಬಿಟ್ಟು ಒಂದು ಗೇಣು ಸರಿಯಿತು. ಅವನು ಮೆಲ್ಲಗೆ ಸ್ಟೀರಿಂಗಿನ ಕೆಳಗೆ ಒಂದು ಬೆರಳು ಆನಿಸಿ ನೇರ ಮಾಡಿ ಕೈ ಹಿಂದೆ ತೆಗೆದುಕೊಂಡ.

"ನಿಮ್ಮ ಕೆಲಸ ಹೋಗ್ತಿತ್ತಲ್ಲ."

"ಹೋಗ್ತಿತ್ತು," ಎಂದ. "ಎರಡು ದಿನ ನಿದ್ದೆ ಮಾಡಿಲ್ಲ. ನೀವು ವಾಪಸ್ ಬರಲಿ ಅಂತ ನಾನು ತಪ್ಪು ಮಾಡಿಲ್ಲ, ಅದನ್ನ ಮಾತ್ರ ನಂಬಿ. ಆದ್ರೆ ನೀವು ವಾಪಸ್ ಬಂದಾಗೆಲ್ಲ ನನಗೆ ಬೇಜಾರಾಗಲಿಲ್ಲ. ಅದನ್ನೂ ನಂಬಿ."

ಗಾಜಿನಾಚೆ ಬಿಳಿ ಗೆರೆಗಳು ಒಂದೊಂದಾಗಿ ನಮ್ಮ ಕೆಳಗೆ ಬಂದು ಹೋಗುತ್ತಿದ್ದವು. ಬಲಗಡೆ ದೊಡ್ಡದೊಂದು ನೀರಿನ ಟ್ಯಾಂಕ್ ಕಂಡಿತು, ಹಿಂದಕ್ಕೆ ಹೋಯಿತು. ನನಗೆ ಹೇಳಬೇಕಾದ್ದು ಒಂದಿತ್ತು. ಇನ್ನೂ ಐದಾರು ಮೈಲಿ ಹೇಳದೆ ಓಡಿಸಿದೆ.

"ನನಗೆ ನೀವಂದ್ರೆ ಮೊದಲನೇ ದಿನವೇ ಇಷ್ಟ ಆಯ್ತು," ಎಂದೆ ಕೊನೆಗೆ. "ಅದಕ್ಕೇ ದೂರು ಬರೆದೆ. ಇಷ್ಟವಾದವರ ಮೇಲೇ ನನಗೆ ಮೊದಲು ಅನುಮಾನ ಬರೋದು. ಹೀಗೇ ಇದ್ದೀನಿ ನಾನು. ನಂಬೋದಕ್ಕೆ ಸ್ವಲ್ಪ ಟೈಮ್ ಹಿಡಿಯುತ್ತೆ."

ಅವನು ಟ್ಯಾಬನ್ನು ಎದೆಗೆ ಮಗುಚಿಕೊಂಡು ಕೂತಿದ್ದ. ಮಗುಚಿದ ವಸ್ತು ಕಂಡರೆ ನಾನು ಸುಮ್ಮನಿರುವವಳಲ್ಲ. ಎಷ್ಟು ಪರ್ಸೆಂಟ್ ಆಯಿತು ಎಂದು ಕೇಳಿದೆ. ಆಗುತ್ತಿದೆ ಎಂದ. ಆ ದನಿಯಲ್ಲೇ ಏನೋ ಇತ್ತು. ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿ ಕೈ ಚಾಚಿದೆ. ಅವನು ಕೊಡಲಿಲ್ಲ. ನಾನೇ ಕಿತ್ತುಕೊಂಡು ನೋಡಿದೆ. ನೂರು. ಪೂರ್ತಿ ಹಸಿರು.

"ಯಾವಾಗ ಮುಗೀತು?"

"ಆ ನೀರಿನ ಟ್ಯಾಂಕ್ ಹತ್ರ."

ಅಂದರೆ ಈ ಮನುಷ್ಯ ಇಷ್ಟು ಹೊತ್ತು ನನ್ನನ್ನು ಸುಮ್ಮಸುಮ್ಮನೆ ಓಡಿಸಿದ್ದಾನೆ. ಎರಡು ವರ್ಷದ ಅನುಮಾನಗಳಲ್ಲಿ ಇದೊಂದಾದರೂ ನಿಜವಾಯಿತಲ್ಲ ಎಂದು ನನಗೆ ಎಲ್ಲಿಲ್ಲದ ಸಂತೋಷವಾಯಿತು. ತಿರುಗಿ ನೋಡಿದೆ. ಅವನು ಕಣ್ಣು ಹೊಡೆದ. ಈ ಸಲ ಮುಚ್ಚಿದ್ದು ಬಲಗಣ್ಣು.

ಸ್ಟೀರಿಂಗಿನ ಪಕ್ಕದ ಚೀಟಿಯನ್ನು ಬಿಡಿಸಿ ಮಡಚಿ ಪರ್ಸಿಗೆ ಹಾಕಿಕೊಂಡು ಕಾರು ಸ್ಟಾರ್ಟ್ ಮಾಡಿದೆ. ವರ್ಕ್‌ಶಾಪಿಗೆ ಹೋಗಬೇಕಾದರೆ ಅಲ್ಲೇ ಯೂ ಟರ್ನ್ ಇತ್ತು. ನಾನು ತಿರುಗಿಸಲಿಲ್ಲ.