ದಂಡಿ ಮೇಲಿನ ಉಪದೇಶಿ

ಸತ್ತು ಇಪ್ಪತ್ತು ವರ್ಷವಾದರೂ ಕನಕರಾಜನ ಅಪ್ಪನನ್ನು ರಾಣೆಬೆನ್ನೂರಿನ ಚರ್ಚಿನ ಹಳಬರು ‘ದಂಡಿ ಉಪದೇಶಿ’ ಎಂದೇ ನೆನೆಯುತ್ತಿದ್ದರು. 1983ರ ಮಳೆಗಾಲದಲ್ಲಿ ಐರಣಿ ಹತ್ತಿರ ತುಂಗಭದ್ರೆ ಉಕ್ಕಿದಾಗ ಆಚೆ ದಂಡೆಯಲ್ಲಿ ಕಾನ್ವೆಂಟಿನ ಇಬ್ಬರು ಸಿಸ್ಟರುಗಳೂ ಒಬ್ಬ ಬಾಣಂತಿಯೂ ಸಿಕ್ಕಿಬಿದ್ದಿದ್ದರು. ಹರಿಗೋಲು ಹಾಕಿ ಅವರನ್ನು ದಾಟಿಸಿದವನು ಊರಿನ ಫಕ್ಕೀರಸಾಬ. ಚರ್ಚಿನ ಉಪದೇಶಿ ರಾಯಪ್ಪ, ಅಂದರೆ ಕನಕರಾಜನ ಅಪ್ಪ, ಈಚೆ ದಂಡೆಯಲ್ಲಿ ಜಪಸರ ಹಿಡಿದು ನಿಂತಿದ್ದ. ಯಾರೋ ನಗುತ್ತ ಇಟ್ಟ ಹೆಸರು ಮಗನನ್ನು ಶಾಲೆಯ ತನಕ ಬೆನ್ನಟ್ಟಿಕೊಂಡು ಬಂದಿತ್ತು.

ಈಗ ಆ ದಂಡೆಯ ಕಥೆ ಅಚ್ಚಾಗಲಿತ್ತು. ತೀರಿಹೋದ ಹಿಂದಿನ ಮಹಾಧರ್ಮಾಧ್ಯಕ್ಷರು ಈ ಭಾಗದ ಚರ್ಚು, ಜನ, ಕಷ್ಟಸುಖದ ಬಗ್ಗೆ ಬರೆದ ಪತ್ರಗಳನ್ನು ಪುಸ್ತಕ ಮಾಡುವುದೆಂದು ತೀರ್ಮಾನವಾಗಿತ್ತು. ಪತ್ರಗಳನ್ನು ಜೋಡಿಸುವ ಕೆಲಸ ಚರ್ಚಿನ ಕಾರ್ಯದರ್ಶಿ ಕನಕರಾಜನದು. ಕಡತದೊಳಗೆ ಆ ಪತ್ರ ಸಿಕ್ಕಿತು. ಪ್ರವಾಹದ ಮರುವಾರ ರಾಣೆಬೆನ್ನೂರಿಗೆ ಬಂದಿದ್ದ ಮಹಾಧರ್ಮಾಧ್ಯಕ್ಷರು ಅಲ್ಲೇ ಕುಳಿತು ಅಂದಿನ ಫಾದರ್ ಹೆಸರಿಗೆ ಟೈಪು ಮಾಡಿಸಿದ್ದು. ಫಕ್ಕೀರಸಾಬನನ್ನು ಬಾಯ್ತುಂಬ ಹೊಗಳಿದ ಮೇಲೆ ಒಂದು ಸಾಲು: ‘ಉಪದೇಶಿ ರಾಯಪ್ಪನವರು ದಂಡೆಯ ಮೇಲಿದ್ದು ಪ್ರಾರ್ಥಿಸಿದರು.’ ಹೊಗಳಿಕೆಯೇ ಅದು. ಕನಕರಾಜನಿಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು.

ಪತ್ರಕ್ಕೆ ಎರಡು ಹಾಳೆ. ಎರಡನೆಯದರಲ್ಲಿ ಆಶೀರ್ವಾದ ಮತ್ತು ಸಹಿ ಮಾತ್ರ. ಸಹಿ ನಕಲು ಮಾಡುವವರು ಸಿಕ್ಕಿಬೀಳುತ್ತಾರೆ. ಇಲ್ಲಿ ಸಹಿ ಖರೇ ಸಹಿಯೇ. ಮೊದಲ ಹಾಳೆ ಬದಲಾದರೆ ಸಾಕು. ಅದನ್ನು ಬಡಿದ ಕನ್ನಡ ಟೈಪ್‌ರೈಟರ್ ಚರ್ಚಿನ ಅಟ್ಟದಲ್ಲೇ ಇತ್ತು. ಅದರ ಜೊತೆಗೇ ಅದೇ ಕಾಲದ ಹಳದಿಗಟ್ಟಿದ ಹಾಳೆಗಳ ಕಟ್ಟು. ರಿಬ್ಬನ್ ಮಾತ್ರ ಒಣಗಿತ್ತು. ಹಾವೇರಿಯಲ್ಲಿ ಬಾಗಿಲು ಮುಚ್ಚಿದ ಟೈಪಿಂಗ್ ಕ್ಲಾಸಿನವರ ಹತ್ತಿರ ಒಂದು ಸಿಕ್ಕಿತು. ಆ ಪತ್ರದ ಪ್ರತಿ ಬೇರೆಲ್ಲೂ ಇಲ್ಲ ಎಂದು ಮಹಾಧರ್ಮಾಧ್ಯಕ್ಷರ ಕಚೇರಿಯಿಂದಲೇ ಬರೆಸಿಕೊಂಡ. ಚರ್ಚಿನ ಹಳಬರದು ಬರೀ ಕೇಳಿದ ಮಾತು, ಸಹಿಯಿದ್ದ ಪತ್ರದ ಮುಂದೆ ನಿಲ್ಲದು. ಸಿಸ್ಟರುಗಳು ತೀರಿಕೊಂಡಿದ್ದರು, ಬಾಣಂತಿಯೂ, ಫಕ್ಕೀರಸಾಬನೂ. ಉಳಿದವಳು ಫಕ್ಕೀರಸಾಬನ ಹೆಂಡತಿ ಸೈದಾಬಿ.

ಅವಳು ಬ್ಯಾಡಗಿಯಲ್ಲಿ ಮೊಮ್ಮಗಳು ತರನ್ನುಮಳ ಮನೆಯಲ್ಲಿದ್ದಳು. ಕನಕರಾಜ ಬಾಳೆಹಣ್ಣು ಹಿಡಿದು ಹೋದ. ಓಣಿಯೆಲ್ಲ ಮೆಣಸಿನಕಾಯಿ ಘಾಟು; ಸೀನುತ್ತಲೇ ಒಳಗೆ ಬಂದ.

“ಚಾಚಿ, ಆ ದಿನ ಹರಿಗೋಲದಾಗ ಯಾರ್ಯಾರು ಇದ್ರು ಅಂತ ಚಾಚಾ ಹೇಳಿದ್ರೇನು?”

“ಏನೂ ಹೇಳಲಿಲ್ರಿ. ಮನೀಗೆ ಬಂದು ತಲಿ ಒರಸ್ಕೊಂಡ್ರು, ಉಂಡ್ರು, ಮಲಗಿದ್ರು. ಮರುದಿನ ಮಂದಿ ಬಂದು ಹೇಳಿದಾಗ ನನಗ ಗೊತ್ತಾತು.” ಅವಳು ನಕ್ಕಳು. “ಈಗ್ಯಾಕ ಕೇಳ್ತೀರಿ ಸಾಹೇಬ್ರ?”

“ಚಾಚಾರ ಹೆಸರು ಪುಸ್ತಕದಾಗ ಬರ್ತದ.”

“ಅಲ್ಲಾ! ಖರೇನ?” ಮುದುಕಿಯ ಕಣ್ಣು ತುಂಬಿತು. ಮೊಮ್ಮಗಳನ್ನು ಕರೆದು ಚಹಾ ಮಾಡಿಸಿದಳು. ಕನಕರಾಜ ಎರಡು ಕಪ್ಪು ಕುಡಿದ. ಒಳಗೆಲ್ಲೋ ಚುಚ್ಚಿದಂತಾಯಿತು, ಸಕ್ಕರೆ ಹೆಚ್ಚಾಗಿರಬೇಕು ಅಂದುಕೊಂಡ.

ಕೊಟ್ಟ ಮಾತು ತಪ್ಪಲಿಲ್ಲ. ಹೊಸ ಹಾಳೆಯಲ್ಲಿ ಫಕ್ಕೀರಸಾಬನನ್ನು ಉಳಿಸಿಕೊಂಡ: ಹರಿಗೋಲು ಕೊಟ್ಟವನು ಅವನು, ಸುಳಿಯಲ್ಲಿ ಹುಟ್ಟು ಹಾಕಿ ಮೂವರನ್ನು ದಾಟಿಸಿದವರು ಉಪದೇಶಿ ರಾಯಪ್ಪನವರು. ಅಷ್ಟೂ ಕಿತ್ತುಕೊಳ್ಳಲಿಲ್ಲವಲ್ಲ ಎಂದು ತನ್ನ ದೊಡ್ಡ ಮನಸ್ಸಿಗೆ ತಾನೇ ಮೆಚ್ಚಿದ. ಹಳೇ ಹಾಳೆ ಬಚ್ಚಲ ಒಲೆಗೆ ಹೋಯಿತು. ಆ ದಿನದ ಸ್ನಾನದ ನೀರು ಚೆನ್ನಾಗಿ ಕಾದಿತ್ತು.

ಪುಸ್ತಕ ಬಿಡುಗಡೆಗೆ ಈಗಿನ ಮಹಾಧರ್ಮಾಧ್ಯಕ್ಷರೇ ಬಂದರು. ಟೈಪಿನ ಅಕ್ಷರ, ಹಾಳೆ, ಸಹಿ ಎಲ್ಲ ನೋಡಿದ್ದ ಅವರ ಕಚೇರಿಯವರು ತಲೆದೂಗಿದ್ದರು. ಮುಂದಿನ ಸಾಲಿನಲ್ಲಿ ತರನ್ನುಮಳ ಕೈಹಿಡಿದು ಸೈದಾಬಿ, ಅವಳ ಪಕ್ಕದಲ್ಲಿ ಊರಿನ ಹಿರಿಯ ವಕೀಲ ವಿಜಯೇಂದ್ರ.

“ಆ ಐರಣಿ ಪತ್ರ ನೀವೇ ಓದಿ, ಕನಕರಾಜ,” ಎಂದರು ಮಹಾಧರ್ಮಾಧ್ಯಕ್ಷರು. “ನಿಮ್ಮ ತಂದೆಯ ವಿಷಯ, ನಿಮ್ಮ ಬಾಯಲ್ಲೇ ಬರಲಿ.”

ಕನಕರಾಜ ಕನ್ನಡಕ ಸರಿಮಾಡಿಕೊಂಡ. ಈ ದಿನಕ್ಕೆಂದೇ ಅಪ್ಪನ ಕೋಟು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದ. ಒಂದಕ್ಷರವೂ ಬಿಡದಂತೆ ಮೇಲಿನಿಂದಲೇ ಶುರುಮಾಡಿದ. ಹುಟ್ಟು, ಸುಳಿ, ರಾಯಪ್ಪನವರ ಧೈರ್ಯ. ಸಭೆ ಚಪ್ಪಾಳೆ ತಟ್ಟಿತು. ಸೈದಾಬಿಯೂ ತಟ್ಟಿದಳು, ಗಂಡನ ಹೆಸರು ಕೇಳಿದ್ದೇ ಅವಳಿಗೆ ಸಾಕಾಗಿತ್ತು. ಚಪ್ಪಾಳೆ ನಿಂತ ಮೇಲೆ ವಿಜಯೇಂದ್ರ ಕೈಯೆತ್ತಿದರು.

“ಸರ್, ಮ್ಯಾಲಿನ ಸಾಲು ಇನ್ನೊಮ್ಮೆ ಓದ್ರಿ. ತಾರೀಖು, ಊರು ಐತಲ್ಲ, ಅದು.”

ಕನಕರಾಜ ಇನ್ನೂ ಗಟ್ಟಿಯಾಗಿ ಓದಿದ: “ರಾಣೆಬೆನ್ನೂರು, ಹಾವೇರಿ ಜಿಲ್ಲೆ, ಆಗಸ್ಟ್ 1983.”

ಮೂಲದಲ್ಲಿ ಊರಿನ ಹೆಸರಷ್ಟೇ ಇತ್ತು. ಪುಸ್ತಕಕ್ಕೆ ಹೋಗುವ ಪತ್ರ, ವಿಳಾಸ ಪೂರ್ತಿ ಇರಲಿ ಎಂದು ಅವನೇ ಆ ಎರಡು ಶಬ್ದ ಸೇರಿಸಿದ್ದ. ಸಭೆಯಲ್ಲಿ ಮೊದಲು ಒಬ್ಬರು, ಆಮೇಲೆ ಹತ್ತು ಜನ ಪಿಸುಗುಟ್ಟಿದರು. ಮಹಾಧರ್ಮಾಧ್ಯಕ್ಷರು ಹಾಳೆಗೆ ಕೈಚಾಚಿದರು. “ಆಗ ನಾವೆಲ್ಲ ಧಾರವಾಡ ಜಿಲ್ಲಾದಾಗ ಇದ್ವಿ ಸರ್,” ವಿಜಯೇಂದ್ರ ಕನಕರಾಜನಿಗೆ ಮೆಲ್ಲಗೆ ಹೇಳಿದರು. “ಹಾವೇರಿ ಜಿಲ್ಲಾ ಆಗಿದ್ದು ತೊಂಬತ್ತೇಳಕ್ಕ. ಆ ದಿನ ಬಸ್ ಸ್ಟ್ಯಾಂಡ್ ಮುಂದ ನಾನು ನೀವು ಕೂಡೇ ಪಟಾಕ್ಷಿ ಹಚ್ಚಿದ್ವಲ್ರಿ.”