ಆ ಜಾವಾ ಅರಿವೆ ಯಾರದು?

“ಇದು ಯಾರದ್ರಿ?”

ಮಾರ್ಥಾ ಸಹಜವಾಗಿಯೇ ಕೇಳಿದ್ದಳು. ಎದುರು ಕುಳಿತವನ ಕೈ ಮಾತ್ರ ಗಂಟಿನ ಮೇಲೆ ನಿಂತುಬಿಟ್ಟಿತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ಹಳಿಯಾಳದ ಆಚೆ, ಕಾಡಿನ ಅಂಚಿಗಿದ್ದ ಸಿದ್ದಿಗಳ ಊರು. ಖತೀಜಾಬಿಯ ಮನೆಯ ಕಟ್ಟೆಯ ಮೇಲೆ ಹೆಂಗಸರು ಕೌದಿ ಹೊಲಿಯುತ್ತ ಕುಳಿತಿದ್ದರು. ಪರ್ಮಿಟ್ ಇಲ್ಲದೆ ಹೊಸ ಬಟ್ಟೆ ಸಿಗದ ಕಾಲ. ಹರಿದ ಸೀರೆ, ಅಂಗಿಗಳ ಒಂದು ಚಿಂದಿಯನ್ನೂ ಯಾರೂ ಎಸೆಯುತ್ತಿರಲಿಲ್ಲ.

ಖತೀಜಾಬಿ ಮುಸ್ಲಿಂ ಸಿದ್ದಿ, ಮಾರ್ಥಾ ಕ್ರೈಸ್ತ ಸಿದ್ದಿ. ಆದರೆ ಮಾರ್ಥಾಳ ಕೈಗೆ ಮೊದಲು ಸೂಜಿ ಕೊಟ್ಟವಳು ಖತೀಜಾಬಿಯೇ. ಆಕೆಯನ್ನು ಮಾರ್ಥಾ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು.

ಆ ಕಟ್ಟೆಗೆ ಒಂದು ಪದ್ಧತಿಯಿತ್ತು. ಕೌದಿಗೆ ತಂದ ಪ್ರತಿ ಅರಿವೆಯೂ ಯಾರ ಮೈಮೇಲೆ ಇದ್ದದ್ದು ಎಂದು ಕೇಳಿಯೇ ಸೂಜಿ ಹಾಕಬೇಕು. ಕೌದಿ ಹೊದ್ದವರು ಅವರೆಲ್ಲರ ಮಗ್ಗುಲಲ್ಲಿ ಮಲಗಿದ ಹಾಗೆ, ಗುರುತಿಲ್ಲದವರನ್ನು ಹಾಸಿಗೆಗೆ ಕರೆಯಬಾರದು ಎನ್ನುವುದು ಖತೀಜಾಬಿಯ ಲೆಕ್ಕ.

ಗಂಟು ತಂದವನು ಪಾವ್ಲು. ಇದೇ ಊರಿನವನು, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರದ ಆಳು. ಮಾರ್ಥಾ ಚಿಕ್ಕವಳಿದ್ದಾಗ ಗೋವಾದಲ್ಲಿ ಹಡಗು ಹತ್ತಿ ಹೋಗಿದ್ದ. ಹಡಗು ಜಾವಾದಲ್ಲಿದ್ದಾಗಲೇ ಯುದ್ಧ ಅಲ್ಲಿಗೂ ಬಂದು, ಅವನು ಅಲ್ಲೇ ಸಿಕ್ಕಿಬಿದ್ದ. ಮರಳಿ ಬರುವಷ್ಟರಲ್ಲಿ ತಾಯಿ ಇರಲಿಲ್ಲ. ಈಗ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕೆಲಸ. ಅವನಿಗೊಂದು ಕೌದಿ ಹೊಲಿದು ಕೊಡುವವರು ಯಾರೂ ಉಳಿದಿರಲಿಲ್ಲ.

ಗಂಟಿನೊಳಗಿನ ಅರಿವೆಗಳನ್ನು ನೋಡಿ ಹೆಂಗಸರು ಮಾತು ನಿಲ್ಲಿಸಿದ್ದರು. ಕಂದು, ಕಡುನೀಲಿ. ಅದರ ಮೇಲೆ ಹಕ್ಕಿ, ಬಳ್ಳಿ, ಕೂದಲೆಳೆಯಷ್ಟು ಸಣ್ಣ ಬಿರುಕುಗೆರೆ. ತಿರುಗಿಸಿದರೆ ಹಿಂಬದಿಯಲ್ಲೂ ಅದೇ ಹಕ್ಕಿ. ಅಲ್ಲಿ ಇದಕ್ಕೆ ಬಾಟಿಕ್ ಎನ್ನುತ್ತಾರೆ ಎಂದು ಪಾವ್ಲು ಹೇಳಿದ. ಬಿಸಿ ಮೇಣದಿಂದ ಚಿತ್ರ ಬರೆದು ಬಣ್ಣದಲ್ಲಿ ಅದ್ದುತ್ತಾರೆ. ಮೇಣ ಇದ್ದಲ್ಲಿ ಬಣ್ಣ ಹತ್ತುವುದಿಲ್ಲ. ಆಮೇಲೆ ಹಂಡೆಯಲ್ಲಿ ಕುದಿಸಿ ಮೇಣ ತೆಗೆಯಬೇಕು. ಯುದ್ಧದ ವರ್ಷಗಳಲ್ಲಿ ಅವನು ಮಾಡಿದ್ದು ಆ ಹಂಡೆಯ ಕೆಲಸ.

ಒಂದೊಂದೇ ಅರಿವೆ ಎತ್ತಿ ಹೆಸರು ಹೇಳುತ್ತ ಹೋದ. ಇದು ಕಾರ್ಖಾನೆಯ ಯಜಮಾನಿತಿಯದು, ಇದು ಬಣ್ಣದ ಮುದುಕನದು, ಇದು ಅನ್ನ ಹಾಕಿದವಳದು…

ಕೊನೆಗೆ ಉಳಿದದ್ದು ಉದ್ದನೆಯ, ಕಿರಿದಾದ ಒಂದು ಕಂದು ಅರಿವೆ. ಮಾರ್ಥಾ ಕೇಳಿದ್ದು ಅದನ್ನೇ.

ಪಾವ್ಲು ಅರಿವೆಯ ಅಂಚನ್ನು ನೇರ ಮಾಡಿದ.

“ನಂದು,” ಎಂದ.

ಮಾರ್ಥಾ ಅದನ್ನು ಮಡಿಲಿಗೆಳೆದು ಬೆರಳಾಡಿಸಿದಳು. ನಡುವೆ ನೇಯ್ಗೆ ಜಗ್ಗಿ ಹೊಟ್ಟೆಯ ಹಾಗೆ ಇಳಿಬಿದ್ದಿತ್ತು. ಅಲ್ಲೇ ಬಣ್ಣವೂ ಮಾಸಿತ್ತು. ಗಂಟು ಬಿದ್ದೂ ಬಿದ್ದೂ ಒಂದು ತುದಿ ಸುಕ್ಕುಗಟ್ಟಿತ್ತು. ಇಂಥ ಜಗ್ಗು ಅವಳಿಗೆ ಹೊಸದಲ್ಲ. ಬಾಣಂತಿಯರ ಹಳೆ ಸೀರೆಗಳಲ್ಲಿ ಎಷ್ಟೋ ಸಲ ಕಂಡಿದ್ದಳು.

ಕೂಸು ಹೊತ್ತ ಜೋಳಿಗೆ ಇದು… ನಂದು ಅಂತಾನಲ್ಲ?

ಅವಳು ಅರಿವೆಯನ್ನು ಮಡಿಸಿ ಪಕ್ಕಕ್ಕಿಟ್ಟಳು.

ಮಾರ್ಥಾಳಿಗೆ ಈ ಸಂಶಯ ಸುಮ್ಮನೆ ಬಂದದ್ದಲ್ಲ. ಅವಳ ಅಪ್ಪನೂ ಹಡಗಿನವನೇ. ಒಂದು ಬೇಸಗೆಯ ಮಧ್ಯಾಹ್ನ ಅಂಗಳಕ್ಕೆ ಅಪರಿಚಿತ ಹೆಂಗಸೊಬ್ಬಳು ಬಂದಳು. ಕೈಯಲ್ಲೊಂದು ಮಗು, ಸೊಂಟದಲ್ಲೊಂದು. ಎರಡೂ ಅಪ್ಪನ ಮುಖವನ್ನೇ ಹೊತ್ತಿದ್ದವು. ಅಪ್ಪ ಅವರ ಜೊತೆ ನಡೆದುಬಿಟ್ಟ. ಹೋಗುವಾಗ ಮಾರ್ಥಾಳತ್ತ ತಿರುಗಿಯೂ ನೋಡಲಿಲ್ಲ. ಅವ್ವ ಅಂದಿನಿಂದ ಯಾವ ಗಂಡಸಿನ ಮಾತನ್ನೂ ಅರ್ಧಕ್ಕಿಂತ ಹೆಚ್ಚು ನಂಬಿದವಳಲ್ಲ. ಮಗಳು ಆ ಅರ್ಧವನ್ನೂ ನಂಬುತ್ತಿರಲಿಲ್ಲ.

ಆದರೂ ಪ್ರತಿ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಪಾವ್ಲು ಕಟ್ಟೆಯ ಕಡೆ ಬರತೊಡಗಿದಾಗ, ಅವಳ ಕಣ್ಣು ಮೊದಲೇ ದಾರಿಯ ಮೇಲಿರುತ್ತಿತ್ತು.

ಕೆಲವು ಅರಿವೆಗಳಲ್ಲಿ ಇನ್ನೂ ಮೇಣ ಉಳಿದು ಸೂಜಿ ಓಡುತ್ತಿರಲಿಲ್ಲ. ಪಾವ್ಲು ಅಂಗಳದಲ್ಲಿ ಕಲ್ಲು ಹೂಡಿ, ಹಂಡೆ ಇಟ್ಟು ಅವುಗಳನ್ನು ಕುದಿಸಿದ. ಮೇಲೆ ತೇಲಿದ ಮೇಣವನ್ನು ಸಾಗವಾನಿ ಎಲೆಯಿಂದ ಬಳಿದು ತೆಗೆದ. ಹೊಗೆಗೆ ಕಣ್ಣೀರು ಸುರಿಸುತ್ತ ಅವನು ಎಲೆ ಹಿಡಿದು ನಿಂತದ್ದನ್ನು ನೋಡಿ ಮಾರ್ಥಾಳಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು.

“ಇಂವ ಕೌದಿ ಹೊಲ್ಯಾಕ ಕೊಟ್ಟಾನೋ, ಕೌದಿ ಕಾಯಾಕ ಬಂದಾನೋ?” ಎಂದಳು ಖತೀಜಾಬಿ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಪಾವ್ಲು ಹಂಡೆಯತ್ತ ಮುಖ ತಿರುಗಿಸಿದ. ಮಾರ್ಥಾ ತಲೆ ತಗ್ಗಿಸಿ ಅದೇ ಹೊಲಿಗೆಯ ಮೇಲೆ ಮತ್ತೊಂದು ಹೊಲಿಗೆ ಹಾಕಿದಳು.

ಸಿದ್ದಿಗಳ ಕೌದಿ ಅಂಚಿನಿಂದ ಶುರುವಾಗಿ, ಸುತ್ತುತ್ತ ನಡುವಿಗೆ ಬರುತ್ತದೆ. ಪಾವ್ಲುವಿನ ಕೌದಿ ಸುತ್ತು ಸುತ್ತಾಗಿ ಬೆಳೆಯಿತು. ಕಂದು ಅರಿವೆ ಮಾತ್ರ ಬುಟ್ಟಿಯ ತಳದಲ್ಲೇ ಉಳಿಯಿತು.

ಒಂದು ಭಾನುವಾರ ಅವನು ಮಾರ್ಥಾಳ ಮನೆಗೇ ಬಂದು ಹೆಣ್ಣು ಕೇಳಿದ. ಅವ್ವ ಸುತ್ತುಬಳಸಲಿಲ್ಲ. ಅಲ್ಲಿ ಹೆಂಡತಿ ಇದ್ದಾಳೇನು ಎಂದು ಮುಖಕ್ಕೇ ಕೇಳಿದಳು.

“ಇಲ್ಲ,” ಎಂದ ಪಾವ್ಲು.

“ಮಕ್ಕಳು?”

ಅವನು ನೆಲ ನೋಡಿದ. ನೋಡಿ, ಇಲ್ಲವೆಂಬಂತೆ ತಲೆಯಾಡಿಸಿದ.

ಬಾಗಿಲ ಸಂದಿನಲ್ಲಿ ನಿಂತಿದ್ದ ಮಾರ್ಥಾ ಎರಡನ್ನೂ ಕಂಡಳು. ಮೊದಲನೆಯದಕ್ಕೆ ಮಾತು. ಎರಡನೆಯದಕ್ಕೆ ಬರೀ ತಲೆ. ಯಾಕೆ…? ಕೇಳಬೇಕಿತ್ತು. ಆದರೆ ಅವ್ವ ಒಳಗೆ ಬಂದು ಏನಂತೀ ಎಂದಾಗ, ಅವಳ ಬಾಯಿಂದ ಹೂಂ ಎಂದೇ ಬಂತು. ಮನಸ್ಸು ಸಂಶಯಪಟ್ಟಷ್ಟೇ ಆಸೆಯನ್ನೂ ಪಟ್ಟಿತ್ತು.

ಇಗರ್ಜಿಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಗಂಡುಹೆಣ್ಣಿನ ಹೆಸರು ಓದುತ್ತಾರೆ. ಅಡ್ಡಿ ಏನಾದರೂ ಗೊತ್ತಿದ್ದವರು ಎದ್ದು ಹೇಳಬೇಕು. ಮೊದಲ ವಾರ ಯಾರೂ ಏಳಲಿಲ್ಲ. ಎರಡನೆಯ ವಾರವೂ ಇಲ್ಲ.

ಎರಡನೆಯ ವಾರ ಪೂಜೆ ಮುಗಿಸಿ ಪಾವ್ಲು ಕಟ್ಟೆಗೆ ಬಂದಾಗ ಖತೀಜಾಬಿಯ ಮೊಮ್ಮಗು ಕಿರುಚಿ ಅಳುತ್ತಿತ್ತು. ಯಾರು ಎತ್ತಿದರೂ ನಿಲ್ಲದು. ಪಾವ್ಲು ಒಂದು ಹಳೆ ಸೀರೆ ಕೇಳಿ ಪಡೆದು ಎಡ ಹೆಗಲಿಗೆ ಹಾಕಿಕೊಂಡ. ಒಂದೇ ಕೈಯಲ್ಲಿ ಗಂಟು ಬಿಗಿದು ಮಗುವನ್ನು ಅದರೊಳಗೆ ಇಳಿಸಿದ. ಸೊಂಟ ತೂಗುತ್ತ ಯಾವುದೋ ಭಾಷೆಯಲ್ಲಿ ಮೆಲ್ಲಗೆ ಗುನುಗಿದ. ಮಗು ನಿದ್ದೆ ಹೋಯಿತು.

ಹೆಂಗಸರು ಬೆರಗಾಗಿ ನಕ್ಕರು. ಮಾರ್ಥಾಳ ಬೆರಳಿಗೆ ಸೂಜಿ ಚುಚ್ಚಿತು.

ಈ ಊರಿನ ಗಂಡಸರು ಕೂಸು ಎತ್ತುವುದನ್ನು ಅವಳು ನೋಡಿದ್ದಳು. ಎತ್ತುತ್ತಾರೆ, ಮುದ್ದು ಮಾಡುತ್ತಾರೆ, ಒದ್ದೆಯಾದ ಕೂಡಲೇ ಯಾರದೋ ಕೈಗೆ ದಾಟಿಸುತ್ತಾರೆ. ಹೀಗೆ ಕಟ್ಟಿಕೊಳ್ಳುವುದು ದಿನಾ ಕಟ್ಟಿದವನಿಗಷ್ಟೇ ಬರುವ ಕೆಲಸ.

“ಎಲ್ಲಿ ಕಲತ್ರಿ ಇದನ್ನ?”

“ಅಲ್ಲೇ.”

“ಯಾರ ಕೂಸಿತ್ತು?”

ಪಾವ್ಲು ಮಗುವನ್ನು ಬಿಚ್ಚಿ ಅಜ್ಜಿಯ ಮಡಿಲಿಗೆ ಹಾಕಿದ. ದಾಂಡೇಲಿಗೆ ಹೋಗುವ ಗಾಡಿ ತಪ್ಪುತ್ತದೆ ಎಂದು ಹೊರಟೇಬಿಟ್ಟ. ಗಾಡಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಆ ವಾರವಿಡೀ ಮಾರ್ಥಾ ಸೂಜಿ ಮುಟ್ಟಲಿಲ್ಲ. ಸುಮ್ಮನಿದ್ದರೆ…? ಮದುವೆಯಾಗಿ ಒಂದು ಮಧ್ಯಾಹ್ನ, ಜಾವಾದಿಂದ ಒಬ್ಬಳು ಬಂದು ಅಂಗಳದಲ್ಲಿ ನಿಂತರೆ? ಸೊಂಟದಲ್ಲಿ ಪಾವ್ಲುವಿನ ಮುಖದ ಕೂಸು. ಅವನು ಆಗಲೂ ಹೀಗೆಯೇ ನೆಲ ನೋಡುತ್ತಾನೆ. ಆಮೇಲೆ ನಡೆದುಬಿಡುತ್ತಾನೆ.

ಮೂರನೆಯ ಭಾನುವಾರ ಪಾದ್ರಿಗಳು ಹೆಸರು ಓದಿ, ಅಡ್ಡಿ ಗೊತ್ತಿದ್ದವರು ಹೇಳಿ ಎಂದರು.

ಮದುಮಗಳೇ ಎದ್ದು ನಿಂತಳು.

ಇಗರ್ಜಿಯ ತಲೆಗಳೆಲ್ಲ ಅವಳತ್ತ ತಿರುಗಿದವು. ಗಂಡಸರ ಸಾಲಿನಲ್ಲಿ ಪಾವ್ಲು ಮಾತ್ರ ತಲೆ ಎತ್ತಲಿಲ್ಲ. ಅವನು ಇದಕ್ಕೇ ಕಾದಿದ್ದವನ ಹಾಗಿದ್ದ. ಪಾದ್ರಿಗಳು ಒಂದು ಗಳಿಗೆ ಅವಳನ್ನೇ ನೋಡಿ, ಪೂಜೆ ಮುಗಿಯಲಿ, ಹೊರಗೆ ಮಾತಾಡೋಣ ಎಂದರು.

ಹೊರಗಿನ ಅಂಗಳದಲ್ಲಿ ಜನ ಮನೆಗೆ ಹೋಗದೆ ನಿಂತರು. ಸುದ್ದಿ ಕೇಳಿ ಖತೀಜಾಬಿಯೂ ಗೇಟಿನ ಬಳಿ ಬಂದಿದ್ದಳು. ಮಾರ್ಥಾ ಸೆರಗಿನಡಿಯಿಂದ ಕಂದು ಅರಿವೆ ತೆಗೆದಳು.

“ಪಾದ್ರಿಗಳ ಮುಂದ ಹೇಳ್ರಿ. ಇದು ಯಾರದು?”

“ಹೇಳೇನಲ್ಲ ಮಾರ್ಥಾ. ನಂದು.”

“ಸುಳ್ಳ. ಇದು ಕೂಸು ಹೊತ್ತ ಅರಿವಿ. ಕೈಲೇ ಮುಟ್ಟಿದ್ರ ತಿಳೀತೈತಿ ನನಗ.” ಅವಳು ಅರಿವೆಯ ಮಡಿಕೆ ಬಿಡಿಸಿದಳು. “ನಾ ತೋರಸ್ತೇನಿ ನೋಡ್ರಿ, ತಾಯಿ ಹೆಂಗ ಕಟ್ಟಿದ್ದಳು ಅಂತ.”

ಅರಿವೆಯನ್ನು ಎಡ ಹೆಗಲಿಗೆಸೆದು, ಸುಕ್ಕಿದ್ದಲ್ಲೇ ಸರಿಯಾಗಿ ಗಂಟು ಹಾಕಿದಳು.

ಜಗ್ಗಿದ ಹೊಟ್ಟೆ ಅವಳ ತೊಡೆಗೆ ಬಂದು ತೂಗಿತು.

ಮಾರ್ಥಾ ಬಗ್ಗಿ ನೋಡಿದಳು. ಗಂಟು ಬಿಚ್ಚಿ ಮತ್ತೆ ಹಾಕಿದಳು. ಮತ್ತೆ ಅಲ್ಲಿಗೇ ಇಳಿಯಿತು. ಊರಿನ ಹುಡುಗಿಯರಲ್ಲೆಲ್ಲ ಅವಳೇ ಎತ್ತರ. ಅವಳಿಗೇ ಇಷ್ಟು ಕೆಳಗೆ ಬಂದರೆ, ಇದರಲ್ಲಿ ಕೂಸು ಹೊರುವ ಹೆಂಗಸು ಎಂಥವಳಿರಬೇಕು?

ಗೇಟಿನ ಬಳಿಯಿಂದ ಖತೀಜಾಬಿ ಮೆತ್ತಗೆ, “ಬೇಟಿ, ಅವಂಗ ಹಾಕಿ ನೋಡು,” ಎಂದಳು.

ಅಷ್ಟರಲ್ಲಿ ಮಾರ್ಥಾ ಅವನತ್ತ ನಡೆದಾಗಿತ್ತು. ತುದಿಗಾಲಲ್ಲಿ ನಿಂತು ಅರಿವೆಯನ್ನು ಪಾವ್ಲುವಿನ ಅಗಲ ಹೆಗಲಿನ ಮೇಲೆ ಹಾಕಿ, ಬೆನ್ನು ಬಳಸಿ ತಂದು, ಅದೇ ಸುಕ್ಕಿನ ಮೇಲೆ ಗಂಟು ಬಿಗಿದಳು. ಜಗ್ಗಿದ ಹೊಟ್ಟೆ ನೇರ ಅವನ ಸೊಂಟಕ್ಕೆ ಬಂದು ಕೂತಿತು. ಮಾಸಿದ ಬಣ್ಣ ಅವನ ಪಕ್ಕೆಗೆ ಅಂಟಿತು. ಅಳತೆ ಕೊಟ್ಟು ಹೊಲಿಸಿದ ಹಾಗೆ.

ಪಾವ್ಲುವಿನ ಕೈ ತಾನಾಗಿಯೇ ಖಾಲಿ ಜೋಳಿಗೆಯ ಕೆಳಗೆ ಹೋಗಿ ಆತುಕೊಂಡಿತು.

ಅವನು ನಿಜವನ್ನೇ ಹೇಳಿದ್ದ… ಮೊದಲ ದಿನವೇ.

“ಕೂಸಿನ ತಾಯಿ ನಮ್ಮ ಕಾರ್ಖಾನ್ಯಾಗ ಮೇಣ ಬರೆಯಾಕಿ,” ಎಂದ ಪಾವ್ಲು, ಕಷ್ಟದಿಂದ. “ಗಂಡನ್ನ ಜಪಾನದವರು ಕೂಲಿಗೆ ಹಿಡಕೊಂಡು ಹೋದ್ರು, ತಿರುಗಿ ಬರಲಿಲ್ಲ. ಅಕಿ ಜ್ವರದಾಗ ಹೋದಳು. ಕೂಸು ಉಳೀತು. ಹೆಂಗಸರೆಲ್ಲಾ ಕುಂತು ಮೇಣ ಬರೆಯವರು, ಮಡಿಲಾಗ ಕೂಸ ಇದ್ರ ಕೆಲಸ ಆಗೂದಿಲ್ಲ. ನಂದು ನಿಂತು ಮಾಡೂ ಕೆಲಸ. ನಾ ಕಟಗೊಂಡೆ.”

ಆಮೇಲೆ ಅವನು ಹೇಳಿದ್ದು ತುಂಡು ತುಂಡಾಗಿ. ಯುದ್ಧದ ಕೊನೆಯಲ್ಲಿ ಅಲ್ಲಿ ಅಕ್ಕಿ ಸಿಗಲಿಲ್ಲ. ಜೋಳಿಗೆ ದಿನದಿನಕ್ಕೆ ಹಗುರಾಯಿತು. ಒಂದು ಬೆಳಿಗ್ಗೆ ಅದನ್ನು ಬಿಚ್ಚಿದ, ಮತ್ತೆ ಕಟ್ಟಲಿಲ್ಲ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

“ಮತ್ತ ಅವ್ವ ಕೇಳಿದಾಗ ಯಾಕ ಹೇಳಲಿಲ್ಲ?” ಮಾರ್ಥಾಳ ಸಿಟ್ಟಿನಲ್ಲಿ ಈಗ ಬೇರೇನೋ ಕರಗುತ್ತಿತ್ತು. “ಕಟ್ಟಿ ಮ್ಯಾಲ ನಾ ಕೇಳಿದೆ. ಮಂದಿ ಕೂಸು, ನಂದಲ್ಲ ಅಂತ ಒಂದ ಮಾತು ಅಂದಿದ್ರ ಮುಗೀತಿತ್ತು.”

“ಆ ಒಂದ ಮಾತು ಬರಲಿಲ್ಲ ನನಗ. ಅದು ನನ್ನ ಬಪಾ ಅಂತಿತ್ತು. ಅಲ್ಲಿ ಅಪ್ಪಗ ಹಂಗಂತಾರ.” ಅವನು ಅವಳ ಕಣ್ಣನ್ನು ನೋಡಿದ, ಆ ದಿನ ಮೊದಲ ಸಲ. “ಇಲ್ಲಿ ಬಂದು, ಮದುವಿ ಆಸೇಕ, ಅದು ನನ್ನ ಕೂಸಲ್ಲ ಅಂತ ಹೆಂಗ ಅನ್ನಲಿ? ತಲಿ ಅಲ್ಲಾಡ್ಸಿದೆ ಅಷ್ಟ. ಅದಕ್ಕ ಇನ್ನೂ ನಿದ್ದಿ ಹತ್ತಿಲ್ಲ ನನಗ.”

ಅಪ್ಪ ಎಂಬ ಮಾತಿಗೆ ಇಷ್ಟು ತೂಕ ಕೊಟ್ಟವನನ್ನು ಮಾರ್ಥಾ ಹಿಂದೆಂದೂ ಕಂಡಿರಲಿಲ್ಲ. ಅವಳು ಕೈ ಚಾಚಿ, ಜೋಳಿಗೆಯ ಕೆಳಗಿದ್ದ ಅವನ ಕೈಯ ಪಕ್ಕ ತನ್ನ ಕೈಯಿಟ್ಟಳು.

ಪಾದ್ರಿಗಳು ಗಂಟಲು ಸರಿಮಾಡಿಕೊಂಡು, ಅಡ್ಡಿ ಇದೆಯೋ ಇಲ್ಲವೋ ಎಂದು ಕೇಳಿದರು.

“ಇಲ್ರಿ ಪಾದ್ರಿಗೋಳ,” ಎಂದಳು ಮಾರ್ಥಾ. “ನಾನು ತಪ್ಪ ಅಳತಿ ಹಿಡದಿದ್ದೆ.”

ಜನ ಒಬ್ಬೊಬ್ಬರಾಗಿ ಕರಗಿದರು. ಅವ್ವನನ್ನು ಖತೀಜಾಬಿ ಕೈಹಿಡಿದು ಕರೆದುಕೊಂಡು ಹೋದಳು. ಅಂಗಳದಲ್ಲಿ ಅವರಿಬ್ಬರೇ ಉಳಿದರು.

“ಹೆಸರೇನಿತ್ತು ಕೂಸಿಂದು?”

“ತುಮಿನಿ.”

ಈ ನೆಲದಲ್ಲಿ ಆ ಹೆಸರನ್ನು ಯಾರಾದರೂ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಮಾರ್ಥಾ ಅದನ್ನು ನಿಧಾನಕ್ಕೆ ತನ್ನ ಬಾಯಲ್ಲೂ ಆಡಿ ನೋಡಿದಳು. ಪಾವ್ಲು ಮುಖ ಒರೆಸಿಕೊಂಡ.

“ಇದನ್ನ ನಾ ಕೌದಿಗಿ ಹಾಕೂದಿಲ್ಲ,” ಎಂದಳು ಅವಳು.

ಅವನ ಮುಖ ಬಾಡಿತು. “ಯಾಕ?”

“ಒಮ್ಮೆ ಕತ್ತರಿ ಆಡಿಸಿದ್ರ ಮುಗೀತು. ಹಿಂಗ ಇರಲಿ. ಮುಂದ ನಮಗ ಬೇಕಾಗ್ತೈತಿ.”

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ, ಎಷ್ಟೋ ಕಾಲದಿಂದ ಆಸೆಪಡುವುದನ್ನು ಬಿಟ್ಟವನ ಹಾಗೆ, ಒಂದು ಸಣ್ಣ ಅಡಚಣೆಯನ್ನು ಹುಡುಕಿದ.

“ನಿನಗ ಉದ್ದ ಆಗ್ತೈತಲ್ಲ ಮಾರ್ಥಾ…”

“ನನಗ್ಯಾಕ?” ಎಂದಳು ಅವಳು. “ಹೊರೋರು ನೀವು.”